ಬಲ ಮಗ್ಗುಲಿಗೆ ಮಲಗುತ್ತಿದ್ದ ಅಜ್ಜ

ಮೆಡಿಕಲ್ ಓದುವಾಗ ವಾರ್ಡಿನಲ್ಲಿ ನಾನು ತಗೊಂಡ ಮೊದಲ ಕೇಸಿನ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಹೆಸರು, ವಯಸ್ಸು, ಬೆಡ್ ನಂಬರ್ ಇದ್ದ ಮೇಲಿನ ಭಾಗವನ್ನು ಅವತ್ತೇ ಹರಿದು ಚೂರು ಮಾಡಿದ್ದೆ. ಹಾಗೆ ಮಾಡಬೇಕು ಅಂತ ಮೊದಲ ದಿನವೇ ಹೇಳಿಕೊಟ್ಟಿದ್ದರು. ಉಳಿದ ಹಾಳೆಯ ತುಂಬ ನನ್ನ ದುಂಡು ಅಕ್ಷರ. ಕೆಮ್ಮು, ಮೂರು ವಾರ. ಉಸಿರಾಟದ ತೊಂದರೆ, ಹತ್ತು ದಿನ. ಜ್ವರ ಇಲ್ಲ. ಕಾಲು ಊತ ಇಲ್ಲ. ಸಕ್ಕರೆ ಕಾಯಿಲೆ ಇಲ್ಲ. ಹೀಗೇ ಎರಡು ಪುಟ. ಬರೆದದ್ದರಲ್ಲಿ ಒಂದೂ ಸುಳ್ಳಲ್ಲ. ಆದರೆ ಆ ಎರಡು ಪುಟ ಓದಿದವರಿಗೆ ಆ ಅಜ್ಜನಿಗೆ ಏನಾಗಿತ್ತು ಅಂತ ಮಾತ್ರ ಗೊತ್ತಾಗುವುದಿಲ್ಲ.

ಅದಕ್ಕೆ ಮೊದಲಿನ ವರ್ಷಗಳೆಲ್ಲ ಪುಸ್ತಕದಲ್ಲೇ ಕಳೆದಿದ್ದವು. ಮೂಳೆ, ನರ, ರಕ್ತನಾಳ, ಎಲ್ಲದರ ಹೆಸರೂ ಬಾಯಿಪಾಠ. ಪರೀಕ್ಷೆಯಲ್ಲಿ ಒಳ್ಳೆಯ ಮಾರ್ಕ್ಸ್ ಬಂದಿದ್ದವು. ಬಿಳಿ ಕೋಟು ಹಾಕಿಕೊಂಡು, ಹೊಸ ಸ್ಟೆತಸ್ಕೋಪ್ ಕುತ್ತಿಗೆಗೆ ಹಾಕಿಕೊಂಡು ಮೆಡಿಸಿನ್ ವಾರ್ಡಿನ ಬಾಗಿಲಲ್ಲಿ ನಿಂತಾಗ ನನ್ನ ಕೈ ತಣ್ಣಗಾಗಿತ್ತು. ಎಂಟು ಜನ ಇದ್ದೆವು. ಒಬ್ಬೊಬ್ಬರಿಗೆ ಒಂದೊಂದು ಬೆಡ್ ಕೊಟ್ಟರು. "ಒಂದು ಗಂಟೆ ಟೈಮ್. ಹಿಸ್ಟರಿ ತಗೊಳ್ಳಿ, ಪರೀಕ್ಷೆ ಮಾಡಿ, ಆಮೇಲೆ ಪ್ರೆಸೆಂಟ್ ಮಾಡಿ" ಅಂದರು ನಮಗೆ ಪಾಠ ಹೇಳುವ ಡಾಕ್ಟರ್ ಮೇಡಂ. ಹಿಸ್ಟರಿ ಅಂದರೆ ರೋಗಿಯನ್ನು ಕೇಳಿ ತಿಳಿಯುವ ಕಾಯಿಲೆಯ ಕಥೆ.

ಅಜ್ಜ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ನಾನು ಅವರ ಬೆನ್ನಿನ ಹಿಂದೆ ನಿಂತುಕೊಂಡೇ ಮಾತು ಶುರು ಮಾಡಿದೆ. ನಾನು ಯಾರು, ಯಾಕೆ ಬಂದಿದ್ದೇನೆ ಅಂತ ಒಂದೇ ಉಸಿರಿಗೆ ಹೇಳಿ, ನಿಮ್ಮನ್ನು ಮಾತಾಡಿಸಬಹುದಾ ಅಂತ ಕೇಳಿದೆ. "ಹೂಂ" ಅಂದರು. ಆಮೇಲೆ ಪ್ರಶ್ನೆಗಳು. ಕೆಮ್ಮಿದೆಯಾ? ಹೂಂ. ಕಫ ಬರುತ್ತಾ? ಊಹೂಂ. ರಾತ್ರಿ ಜಾಸ್ತಿನಾ? ಹೂಂ. ಒಂದು ಪ್ರಶ್ನೆಗೆ ಅವರು ಏನೋ ಉದ್ದವಾಗಿ ಹೇಳಲು ಹೊರಟರು. ನನ್ನ ಪಟ್ಟಿಯಲ್ಲಿ ಇನ್ನೂ ಇಪ್ಪತ್ತು ಪ್ರಶ್ನೆ ಬಾಕಿ ಇದ್ದವು. "ಅದನ್ನ ಆಮೇಲೆ ಕೇಳ್ತೀನಿ ಅಜ್ಜ" ಅಂದೆ. ಆಮೇಲೆ ಕೇಳಲೇ ಇಲ್ಲ.

ಮೇಡಂ ಬಂದರು. ನಾನು ಹಾಳೆ ನೋಡಿ ಓದಲು ಶುರು ಮಾಡಿದೆ. ಎರಡನೇ ಸಾಲಿಗೇ ಕೈ ಅಡ್ಡ ಹಿಡಿದರು.

"ಅಜ್ಜ ಹೇಗೆ ಮಲಗಿದ್ದಾರೆ?"

"ಗೋಡೆ ಕಡೆ ತಿರುಗಿ, ಮೇಡಂ."

"ಬಲ ಮಗ್ಗುಲಿಗೆ ಮಲಗಿದ್ದಾರೆ. ಒಂದು ಗಂಟೆಯಿಂದ ಹಾಗೇ ಮಲಗಿದ್ದಾರೆ ಅಲ್ವಾ? ಯಾಕೆ ಅಂತ ಕೇಳಿದ್ರಾ?"

ನಾನು ಕೇಳಿರಲಿಲ್ಲ. ಬೇಜಾರಾಗಿ ಆ ಕಡೆ ತಿರುಗಿದ್ದಾರೆ ಅಂದುಕೊಂಡಿದ್ದೆ. ಮೇಡಂ ಸ್ಟೂಲ್ ಎಳೆದುಕೊಂಡು ಮಂಚದ ಆ ಬದಿಗೆ ಹೋಗಿ, ಅಜ್ಜನ ಮುಖ ಕಾಣುವ ಹಾಗೆ ಕೂತರು. "ಅಜ್ಜಾ, ಆ ಕಡೆ ಮಗ್ಗುಲಾದ್ರೆ ಏನಾಗುತ್ತೆ?" ಅಂತ ಕೇಳಿ ಸುಮ್ಮನಾದರು. ಅಜ್ಜ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೇಡಂ ಕೂಡ ಮಾತಾಡಲಿಲ್ಲ. ಆಮೇಲೆ ಅಜ್ಜ ಹೇಳಿದರು: "ಆ ಕಡೆ ತಿರುಗಿದ್ರೆ ಉಸಿರು ಸಾಕಾಗಲ್ಲ ತಾಯಿ. ಎದೆ ಮೇಲೆ ಯಾರೋ ಕೂತಂಗೆ ಆಗುತ್ತೆ. ಹಿಂಗೇ ಮಲಗಿ ಮಲಗಿ ಈ ಭುಜ ಸೋತೋಗಿದೆ."

ಅವರು ನನಗೆ ಉದ್ದವಾಗಿ ಹೇಳಲು ಹೊರಟಿದ್ದು ಇದೇ ಮಾತು.

ಶ್ವಾಸಕೋಶದ ಸುತ್ತ ಪ್ಲೂರ ಅನ್ನುವ ಎರಡು ಪದರದ ತೆಳು ಪೊರೆ ಇರುತ್ತದೆ. ಪದರಗಳ ನಡುವೆ ಜಾರಲು ಬೇಕಾದಷ್ಟು ಮಾತ್ರ, ಕೆಲವೇ ಮಿಲಿಲೀಟರ್ ನೀರು. ಅಜ್ಜನಿಗೆ ಬಲಗಡೆ ಅಲ್ಲಿ ಲೀಟರ್ ಲೆಕ್ಕದಲ್ಲಿ ನೀರು ತುಂಬಿತ್ತು. ಹೀಗಾದಾಗ ಎಷ್ಟೋ ಜನ ನೀರಿರುವ ಮಗ್ಗುಲಿಗೇ ಮಲಗುತ್ತಾರೆ. ಚೆನ್ನಾಗಿರುವ ಇನ್ನೊಂದು ಶ್ವಾಸಕೋಶ ಮೇಲ್ಗಡೆ ಬಿಡುವಾಗಿ ಹಿಗ್ಗಲಿ ಅಂತ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೈಯೇ ಕಂಡುಕೊಂಡಿತ್ತು. ಪ್ಲೂರದ ಬಗ್ಗೆ ನನಗೆ ಎರಡು ಪುಟ ಬರೆಯಲು ಬರುತ್ತಿತ್ತು. ಆದರೆ ಅದರಲ್ಲಿ ನೀರು ತುಂಬಿದ ಮನುಷ್ಯ ಕಣ್ಣೆದುರೇ ಮಲಗಿದ್ದಾಗ ನಾನು ಗೋಡೆ ನೋಡಿದ್ದೆ.

ಅವತ್ತು ಮೇಡಂ ನನಗೆ ಬೆರಳಿನಿಂದ ಬಡಿದು ನೋಡುವುದನ್ನು ಕಲಿಸಿದರು. ಪರ್ಕಷನ್ ಅಂತಾರೆ. ಅಜ್ಜನನ್ನು ಕೇಳಿ, ಎಬ್ಬಿಸಿ ಕೂರಿಸಿ, ತೋಳುಗಳನ್ನು ಮುಂದೆ ಕಟ್ಟಿಕೊಳ್ಳಲು ಹೇಳಿದೆವು. ಎಡಗೈಯ ನಡುಬೆರಳನ್ನು ಎರಡು ಪಕ್ಕೆಲುಬಿನ ನಡುವೆ ಬಿಗಿಯಾಗಿ ಒತ್ತಿ ಇಡಬೇಕು. ಉಳಿದ ಬೆರಳುಗಳು ಮೈಗೆ ತಾಗಬಾರದು. ಬಲಗೈಯ ನಡುಬೆರಳನ್ನು ಬಾಗಿಸಿ, ಬರೀ ಮಣಿಕಟ್ಟು ಆಡಿಸಿ, ಎಡಬೆರಳಿನ ನಡುವಿನ ಗೆಣ್ಣಿನ ಮೇಲೆ ಟಕ್ ಟಕ್ ಅಂತ ಎರಡು ಸಲ ಬಡಿದು ತಕ್ಷಣ ಎತ್ತಬೇಕು. ಉಗುರು ಬುಡದವರೆಗೆ ಕತ್ತರಿಸಿರಬೇಕು, ಇಲ್ಲದಿದ್ದರೆ ನಮ್ಮ ಬೆರಳಿಗೇ ಗಾಯ.

ಎಡಗಡೆ ಬೆನ್ನಿನ ಮೇಲೆ ಬಡಿದಾಗ ಟೊಳ್ಳು ಸದ್ದು, ಒಳಗೆ ಗಾಳಿ ಇರುವ ಸದ್ದು. ಬಲಗಡೆ ಮೇಲಿನಿಂದ ಕೆಳಕ್ಕೆ ಬಂದೆ. ಮೊದಲು ಅದೇ ಟೊಳ್ಳು. ಹೆಗಲ ಮೂಳೆಯ ಕೆಳತುದಿಗಿಂತ ಎರಡು ಬೆರಳು ಮೇಲೆ ಇದ್ದಕ್ಕಿದ್ದಂತೆ ಸದ್ದು ಸತ್ತುಹೋಯಿತು. ಕಲ್ಲಿನ ಮೇಲೆ ಬಡಿದ ಹಾಗೆ. ನಿಜ ಹೇಳಬೇಕೆಂದರೆ ಕಿವಿಗಿಂತ ಮೊದಲು ಬೆರಳಿಗೆ ಗೊತ್ತಾಯಿತು. ಮೇಲೆ ಬಡಿದಾಗ ಬೆರಳಿನ ಅಡಿಯಲ್ಲಿ ಏನೋ ಪುಟಿಯುತ್ತಿತ್ತು, ಇಲ್ಲಿ ಏನೂ ಇಲ್ಲ. ಮತ್ತೆ ಮೇಲೆ ಹೋದೆ, ಮತ್ತೆ ಕೆಳಗೆ ಬಂದೆ. ಗೆರೆ ಅಲ್ಲೇ ಇತ್ತು. ಚರ್ಮದ ಕೆಳಗೆ ಕಣ್ಣಿಗೆ ಕಾಣದ ನೀರಿನ ಮಟ್ಟ ನನ್ನ ಬೆರಳಿಗೆ ಸಿಕ್ಕಿತ್ತು. ಮೈ ಜುಮ್ಮೆಂದಿತು.

ಈ ವಿದ್ಯೆ ಬಂದ ದಾರಿಯೂ ಚೆನ್ನಾಗಿದೆ. ಆಸ್ಟ್ರಿಯಾದ ಗ್ರಾಟ್ಸ್ ಊರಿನ ಲಿಯೋಪೋಲ್ಡ್ ಔಯೆನ್‌ಬ್ರುಗರ್ ಅನ್ನುವ ವೈದ್ಯರು 1761ರಲ್ಲಿ ಇದನ್ನು ಬರೆದು ಪ್ರಕಟಿಸಿದರು. ಅವರ ತಂದೆ ಪ್ರಯಾಣಿಕರ ವಸತಿಗೃಹ ನಡೆಸುತ್ತಿದ್ದವರು. ಪೀಪಾಯಿಯನ್ನು ಹೊರಗಿನಿಂದ ಬಡಿದು ಒಳಗೆ ಎಷ್ಟಿದೆ ಅಂತ ತಿಳಿಯುವುದನ್ನು ಮಗ ಚಿಕ್ಕಂದಿನಲ್ಲಿ ಅಲ್ಲೇ ನೋಡಿದ್ದರು ಅಂತ ಹೇಳುತ್ತಾರೆ. ಆ ಕಾಲದಲ್ಲಿ ಹೆಚ್ಚಿನ ವೈದ್ಯರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. 1808ರಲ್ಲಿ ನೆಪೋಲಿಯನ್ನನ ವೈದ್ಯ ಕೊರ್ವಿಸಾರ್ ಅದನ್ನು ಫ್ರೆಂಚಿಗೆ ಅನುವಾದಿಸಿ ಎಲ್ಲರಿಗೂ ಮುಟ್ಟಿಸಿದರು. ಅಷ್ಟು ವರ್ಷ ಹಳೆಯ ಬೆರಳಿನ ಪಾಠವನ್ನು ನಾನು ಅವತ್ತು ಅಜ್ಜನ ಬೆನ್ನಿನ ಮೇಲೆ ಕಲಿತೆ. ಅಜ್ಜ ಸುಸ್ತಾಗಿ ಮುಂದಕ್ಕೆ ಬಾಗಿದ್ದರೂ "ಬಡೀರಿ, ಬಡೀರಿ, ಕಲೀಬೇಕಲ್ಲ" ಅನ್ನುತ್ತಿದ್ದರು.

ಮಾರನೇ ದಿನ ನೀರು ತೆಗೆಯುವಾಗ ಪಕ್ಕದಲ್ಲಿ ನಿಂತು ನೋಡಿದೆ. ಸೂಜಿಯನ್ನು ಕೆಳಗಿನ ಪಕ್ಕೆಲುಬಿನ ಮೇಲಂಚಿಗೆ ತಾಗಿಸಿಯೇ ಒಳಗೆ ಬಿಡುತ್ತಾರೆ. ಯಾಕೆಂದರೆ ನರ, ರಕ್ತನಾಳ ಎಲ್ಲ ಪಕ್ಕೆಲುಬಿನ ಕೆಳಂಚಿನಲ್ಲಿ ಅಡಗಿ ಸಾಗುತ್ತವೆ. ಇದು ಅನಾಟಮಿ ಪರೀಕ್ಷೆಯಲ್ಲಿ ನಾನು ಬರೆದಿದ್ದ ಉತ್ತರ. ಅದರ ಬೆಲೆ ಸೂಜಿಯ ಮೊನೆಯಲ್ಲಿ ಗೊತ್ತಾಯಿತು. ನೀರನ್ನು ಒಂದೇ ಸಲ ಪೂರ್ತಿ ತೆಗೆಯುವುದಿಲ್ಲ. ಒಂದು, ಒಂದೂವರೆ ಲೀಟರ್‌ಗೆ ನಿಲ್ಲಿಸುತ್ತಾರೆ. ಮುದುಡಿದ ಶ್ವಾಸಕೋಶ ತಟ್ಟನೆ ಹಿಗ್ಗಿದರೆ ಅದರೊಳಗೇ ನೀರು ಜಿನುಗುವ ಅಪಾಯ ಇದೆ. ಬಾಟಲಿಗೆ ಇಳಿದ ನೀರು ತಿಳಿ ಹಳದಿ ಇರಬಹುದು ಅಂದುಕೊಂಡಿದ್ದೆ. ಅದು ರಕ್ತ ಬೆರೆತ ಕೆಂಪು ಬಣ್ಣ ಇತ್ತು. ಪಿಜಿ, ಅಂದರೆ ವಾರ್ಡಿನಲ್ಲೇ ಸ್ನಾತಕೋತ್ತರ ಓದುತ್ತಿದ್ದ ಡಾಕ್ಟರ್, ಮೇಡಂ ಅವರ ಮುಖ ನೋಡಿದರು. ಮೇಡಂ ಏನೂ ಹೇಳಲಿಲ್ಲ. ಮೂರು ಸಣ್ಣ ಬಾಟಲಿಗೆ ತುಂಬಿ ಲ್ಯಾಬಿಗೆ ಕಳಿಸಿದರು.

ಅದೇ ವಾರ ಇನ್ನೊಂದು ಕೇಸ್. ಅರವತ್ತರ ಹತ್ತಿರದ ಅಮ್ಮ. ಸುಸ್ತು, ತಲೆಸುತ್ತು, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಬೆಳ್ಳಗೆ, ಕಾಗದದ ಹಾಗೆ. ರಕ್ತ ಕಮ್ಮಿ ಇದೆ ಅಂತ ನನಗೇ ಗೊತ್ತಾಯಿತು. ಎಲ್ಲಿ ಹೋಯಿತು? ಈ ಸಲ ಕೂತು, ಮುಖ ನೋಡಿ, ನಿಧಾನಕ್ಕೆ ಕೇಳಿದೆ. "ಯಾವುದಾದ್ರೂ ಔಷಧಿ ತಗೊಳ್ತೀರಾಮ್ಮ?" "ಇಲ್ಲಮ್ಮ, ಯಾವ ಔಷಧಿನೂ ಇಲ್ಲ." "ಮಲ ಸರಿಯಾಗಿ ಆಗುತ್ತಾ?" "ದಿನಾ ಆಗುತ್ತೆ." ಎರಡನ್ನೂ ಹಾಗೇ ಬರೆದುಕೊಂಡೆ.

ಪಿಜಿ ಬಂದವರು ಅಮ್ಮನ ಮಂಡಿ ನೋಡಿದರು. ಎರಡೂ ದಪ್ಪಗಾಗಿದ್ದವು. "ಮಂಡಿ ನೋವು ಬಂದಾಗ ಏನ್ಮಾಡ್ತೀರಮ್ಮ?" ಅಂತ ಕೇಳಿದರು. ಅಷ್ಟೇ. ಅಮ್ಮ ದಿಂಬಿನ ಕೆಳಗಿನಿಂದ ಒಂದು ಚಿಕ್ಕ ಚೀಲ ತೆಗೆದು ಬಿಚ್ಚಿದರು. ಮಡಚಿದ ಮಾತ್ರೆಯ ಸ್ಟ್ರಿಪ್, ಹತ್ತರಲ್ಲಿ ಮೂರು ಉಳಿದಿದ್ದವು. "ದಿನಾ ಎರಡು ನುಂಗ್ತೀನಿ. ಇಲ್ಲದಿದ್ರೆ ಏಳೋಕೇ ಆಗಲ್ಲ." ಎಷ್ಟು ದಿನದಿಂದ? "ವರ್ಷ ಆಯ್ತೇನೋ." ಅವರಿಗೆ ಔಷಧಿ ಅಂದರೆ ಡಾಕ್ಟರು ಬರೆದುಕೊಟ್ಟದ್ದು. ಇದು ಬರೀ ನೋವಿನ ಗುಳಿಗೆ. ಅದು ಔಷಧಿ ಹೇಗಾದೀತು?

ಪಿಜಿ ಮತ್ತೆ ಕೇಳಿದರು. "ಮಲ ಕಪ್ಪಗೆ, ಟಾರಿನ ಹಾಗೆ ಅಂಟಂಟಾಗಿ ಹೋಗ್ತಿದೆಯಾ?" ಅಮ್ಮ ಹೌದು ಅಂದರು. ಎಂಟು ದಿನದಿಂದ. ಆಮೇಲೆ ನನ್ನ ಕಡೆ ತಿರುಗಿ, ಯಾವ ಆಕ್ಷೇಪವೂ ಇಲ್ಲದೆ ಹೇಳಿದರು: "ನೀನು ಬಣ್ಣ ಕೇಳಲಿಲ್ಲವಲ್ಲ ಮಗಳೇ."

ಇಂಥ ನೋವಿನ ಮಾತ್ರೆಗಳು ಹೊಟ್ಟೆಯ ಒಳಪದರವನ್ನು ಕಾಯುವ ರಾಸಾಯನಿಕವನ್ನೇ ಕಮ್ಮಿ ಮಾಡುತ್ತವೆ. ಹುಣ್ಣಾಗುತ್ತದೆ. ಹುಣ್ಣಿನಿಂದ ಸೋರಿದ ರಕ್ತ ಕರುಳಿನಲ್ಲಿ ಸಾಗುತ್ತಾ ಕಪ್ಪಾಗುತ್ತದೆ. ಎಂಡೋಸ್ಕೋಪಿಯಲ್ಲಿ ಹುಣ್ಣು ಕಾಣಿಸಿತು. ಅಮ್ಮ ಗುಣವಾಗಿ ಮನೆಗೆ ಹೋದರು. ನಾನು ಅವತ್ತು ರಾತ್ರಿ ನನ್ನ ಪ್ರಶ್ನೆಗಳನ್ನು ಒಂದು ನೋಟ್ ಪುಸ್ತಕದಲ್ಲಿ ಒಂದೊಂದಾಗಿ ತಿರುಗಿಸಿ ಬರೆದೆ. "ಔಷಧಿ ತಗೊಳ್ತೀರಾ" ಬದಲು "ನೋವು ಬಂದ್ರೆ, ನಿದ್ದೆ ಬರದಿದ್ರೆ, ಹೊಟ್ಟೆ ಕೆಟ್ರೆ ಏನು ಮಾಡ್ತೀರಿ". "ಮಲ ಸರಿಯಾಗಿದೆಯಾ" ಬದಲು "ಯಾವ ಬಣ್ಣ". ಆ ಪುಸ್ತಕ ಈಗ ದಪ್ಪ ಆಗಿದೆ. ನನ್ನ ಹತ್ತಿರ ಇರುವ ಪುಸ್ತಕಗಳಲ್ಲಿ ನಾನು ಜಾಸ್ತಿ ತೆಗೆದು ನೋಡುವುದು ಅದನ್ನೇ.

ಆಮೇಲೆ ಓದಿದ ಎರಡು ಅಧ್ಯಯನಗಳನ್ನು ಅದರ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ. ಒಂದು 1975ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದದ್ದು. 80 ಹೊಸ ರೋಗಿಗಳಲ್ಲಿ 66 ಜನರ ಕಾಯಿಲೆ ಅವರು ಹೇಳಿದ ಕಥೆಯಿಂದಲೇ ತಿಳಿದಿತ್ತು. ಮೈ ಮುಟ್ಟಿ ಪರೀಕ್ಷೆ ಮಾಡಿದ ಮೇಲೆ ವೈದ್ಯರ ಅಂದಾಜು ಬದಲಾಗಿದ್ದು 7 ಜನರದ್ದು, ಲ್ಯಾಬ್ ಪರೀಕ್ಷೆಯಿಂದ ಬದಲಾಗಿದ್ದು ಇನ್ನೊಂದು 7. ಇನ್ನೊಂದು 1984ರದು. ಅಮೆರಿಕದ ಬೆಕ್‌ಮನ್ ಮತ್ತು ಫ್ರ್ಯಾಂಕೆಲ್ ಅನ್ನುವವರು ವೈದ್ಯರು ಮತ್ತು ರೋಗಿಗಳ 74 ಮಾತುಕತೆಗಳನ್ನು ರೆಕಾರ್ಡ್ ಮಾಡಿ ಕೇಳಿಸಿಕೊಂಡರು. ರೋಗಿ ಮಾತು ಶುರು ಮಾಡಿದ ಮೇಲೆ ವೈದ್ಯರು ಸರಾಸರಿ 18 ಸೆಕೆಂಡಿಗೆ ನಡುವೆ ಬಾಯಿ ಹಾಕಿದ್ದರು. ಅಜ್ಜನಿಗೆ ನಾನು ಕೊಟ್ಟದ್ದು ಅಷ್ಟೂ ಇಲ್ಲ.

ಮೂರನೇ ವಾರ ಹೃದಯದ ಕೇಸುಗಳು. ಮೂವತ್ತು ದಾಟಿದ ಒಬ್ಬ ಅಕ್ಕ ಇದ್ದರು. ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು. ಚಿಕ್ಕವರಿದ್ದಾಗ ಗಂಟಲು ನೋವು, ಜ್ವರ ಬಂದು, ಆಮೇಲೆ ಒಂದು ಕೀಲಿನಿಂದ ಇನ್ನೊಂದು ಕೀಲಿಗೆ ಊತ ಓಡಾಡಿತ್ತಂತೆ. ರುಮ್ಯಾಟಿಕ್ ಜ್ವರ. ಸ್ಟ್ರೆಪ್ಟೋಕಾಕಸ್ ಅನ್ನುವ ಬ್ಯಾಕ್ಟೀರಿಯಾದ ವಿರುದ್ಧ ಎದ್ದ ದೇಹದ ಸಿಟ್ಟು ಹೃದಯದ ಕವಾಟದ ಮೇಲೂ ಬೀಳುತ್ತದೆ. ವರ್ಷಗಳು ಕಳೆದ ಹಾಗೆ ಕವಾಟ ಗಟ್ಟಿಯಾಗಿ, ಅಂಚುಗಳು ಅಂಟಿಕೊಂಡು, ಬಾಯಿ ಕಿರಿದಾಗುತ್ತದೆ. ಇವರದು ಮೈಟ್ರಲ್ ಸ್ಟೆನೋಸಿಸ್. ಕಿರಿದಾದ ಬಾಯಲ್ಲಿ ರಕ್ತ ನುಗ್ಗುವಾಗ ಒಂದು ಮಂದ್ರ ಗುಡುಗುಡು ಸದ್ದು. ಅದೇ ಮರ್ಮರ್. ಕೇಳಿಸಿಕೊಳ್ಳಲು ಕಷ್ಟವಾದ ಸದ್ದುಗಳಲ್ಲಿ ಅದೂ ಒಂದು. ಪರೀಕ್ಷೆಯಲ್ಲಿ ತಪ್ಪದೆ ಬರುವ ಕೇಸ್ ಅಂತ ಎಲ್ಲರಿಗೂ ಅವರನ್ನು ಕೇಳುವ ಆತುರ.

ನನ್ನ ಸರದಿ ಬರುವಾಗ ಮಧ್ಯಾಹ್ನ ದಾಟಿತ್ತು. "ಅಕ್ಕ, ನಾನೊಂದ್ಸಲ ಕೇಳಬಹುದಾ?" ಅಂದೆ. ಅವರು ನಕ್ಕರು. "ಇವತ್ತು ನೀವು ಹನ್ನೊಂದನೆಯವರು. ಬನ್ನಿ." ಹನ್ನೊಂದು ಸಲ ಎಡ ಮಗ್ಗುಲಾಗಿದ್ದಾರೆ, ಹನ್ನೊಂದು ಸಲ ಉಸಿರು ಬಿಟ್ಟು ಹಿಡಿದಿದ್ದಾರೆ. ಉಸಿರಿನದೇ ತೊಂದರೆ ಇರುವವರು. ನನಗೆ ನಾಚಿಕೆಯಾಯಿತು. "ಬೇಡ ಅಕ್ಕ, ನೀವು ಮಲಗಿ, ನಾಳೆ ಬರ್ತೀನಿ" ಅಂದೆ. ಹೊರಟವಳನ್ನು ಅವರೇ ಕರೆದರು. "ನಾಳೆ ಬೆಳಗ್ಗೆ ಬೇಗ ಬನ್ನಿ. ಆಗ ನಾನೂ ಚೆನ್ನಾಗಿರ್ತೀನಿ, ಗಲಾಟೆನೂ ಇರಲ್ಲ."

ಮಾರನೇ ದಿನ ಆರೂವರೆಗೆ ಹೋದೆ. ಪರದೆ ಎಳೆದೆ. ಸ್ಟೆತಸ್ಕೋಪಿನ ತಣ್ಣನೆಯ ಲೋಹವನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದೆ. ಬೇಕಾದಷ್ಟೇ ಸರಿಸಿ, ಉಳಿದದ್ದನ್ನು ಹೊದಿಕೆಯಿಂದ ಮುಚ್ಚಿದೆ. ಅವರು ಎಡಕ್ಕೆ ಮಗ್ಗುಲಾದರು. ಕಿವಿಯಲ್ಲಿ ಲಬ್ ಡಬ್ ಬಿಟ್ಟರೆ ಏನೂ ಇಲ್ಲ. ಅತ್ತ ಇತ್ತ ಸರಿಸಿದೆ. ಇಲ್ಲ.

"ಅಲ್ಲಲ್ಲ" ಅಂದರು ಅವರು, ಕಣ್ಣು ಮುಚ್ಚಿಕೊಂಡೇ. "ಇನ್ನೂ ಸ್ವಲ್ಪ ಕೆಳಗೆ. ಹಾಂ, ಆ ಕಡೆ. ಎಲ್ಲರೂ ಅಲ್ಲೇ ನಿಲ್ಲಿಸ್ತಾರೆ. ಅಲ್ಲಿಗೆ ಬಂದಾಗ ಎಲ್ಲರ ಮುಖನೂ ಬದಲಾಗುತ್ತೆ."

ಅವರು ತೋರಿಸಿದಲ್ಲಿ ಇಟ್ಟೆ. ಆದರೂ ಇಲ್ಲ. ಆಗ ಮೇಡಂ ಹೇಳಿದ್ದು ನೆನಪಾಯಿತು. ಮಂದ್ರ ಸದ್ದಿಗೆ ಸ್ಟೆತಸ್ಕೋಪಿನ ಗಂಟೆಯಾಕಾರದ ಬದಿ ಬೇಕು. ಅದನ್ನು ಒತ್ತಬಾರದು. ಒತ್ತಿದರೆ ಕೆಳಗಿನ ಚರ್ಮವೇ ಬಿಗಿಯಾಗಿ ಮಂದ್ರ ಸದ್ದನ್ನು ತಡೆಯುತ್ತದೆ. ನಾನು ಒತ್ತುತ್ತಿದ್ದೆ, ಕೇಳಲೇಬೇಕು ಅನ್ನುವ ಹಟದಲ್ಲಿ. ಕೈ ಸಡಿಲ ಮಾಡಿದೆ. ಗಂಟೆ ಬರೀ ಮೈಗೆ ತಾಗಿ ನಿಂತಿತ್ತು ಅಷ್ಟೇ. "ಉಸಿರು ಬಿಟ್ಟು ಹಿಡೀರಿ ಅಕ್ಕ."

ಬಂತು. ಗಟ್ಟಿಯಾದ ಒಂದನೇ ಸದ್ದು, ಎರಡನೆಯದು, ಅದರ ಬೆನ್ನಿಗೇ ಸಣ್ಣ ಟಕ್, ಆಮೇಲೆ ದೂರದಲ್ಲಿ ಎಲ್ಲೋ ಭಾರದ ಗಾಡಿ ಉರುಳಿದ ಹಾಗೆ ಗುಡುಗುಡು. ನಾನು ಏನೂ ಹೇಳಲಿಲ್ಲ. ಅಕ್ಕ ಒಂದು ಕಣ್ಣು ತೆರೆದು ನನ್ನ ಮುಖ ನೋಡಿದರು. "ಕೇಳಿಸ್ತು ಅಲ್ವಾ?" ಅಂದರು. ಅವರ ಮುಖದಲ್ಲಿದ್ದ ಖುಷಿ ನನ್ನದಕ್ಕಿಂತ ಕಮ್ಮಿ ಇರಲಿಲ್ಲ.

ಸ್ಟೆತಸ್ಕೋಪ್ ಹುಟ್ಟಿದ್ದೂ ಇಂಥದೇ ಒಂದು ಸಂಕೋಚದಿಂದ. 1816ರಲ್ಲಿ ಪ್ಯಾರಿಸ್ಸಿನಲ್ಲಿ ರೆನೆ ಲೆನೆಕ್ ಅನ್ನುವ ವೈದ್ಯರ ಹತ್ತಿರ ಹೃದಯದ ಕಾಯಿಲೆಯ ಒಬ್ಬ ಯುವತಿ ಬಂದಳು. ಎದೆಗೆ ಕಿವಿಯಿಟ್ಟು ಕೇಳುವುದು ಸರಿಯಲ್ಲ ಅನ್ನಿಸಿತು. ಕಾಗದಗಳನ್ನು ಸುರುಳಿ ಸುತ್ತಿ ಒಂದು ತುದಿ ಅವಳ ಎದೆಗೆ, ಇನ್ನೊಂದು ತುದಿ ತಮ್ಮ ಕಿವಿಗೆ ಇಟ್ಟರು. ನೇರ ಕಿವಿಯಿಟ್ಟಾಗ ಕೇಳಿದ್ದಕ್ಕಿಂತ ಸ್ಪಷ್ಟವಾಗಿ ಕೇಳಿಸಿತು. ಅಜ್ಜನ ಬೆನ್ನಿನ ಪಾಠವನ್ನು ಫ್ರೆಂಚಿಗೆ ತಂದ ಕೊರ್ವಿಸಾರ್ ಇದೇ ಲೆನೆಕ್‌ಗೆ ಪಾಠ ಹೇಳಿದವರು. ಆ ಯುವತಿಯ ಹೆಸರು ಚರಿತ್ರೆಯಲ್ಲಿ ಇಲ್ಲ. ಅವಳ ಬಗ್ಗೆ ನಾನು ಆಗಾಗ ಯೋಚಿಸುತ್ತೇನೆ.

ಅಕ್ಕನಿಗೆ ಬಲೂನ್ ಚಿಕಿತ್ಸೆ ಆಯಿತು. ತೊಡೆಯ ರಕ್ತನಾಳದಿಂದ ಹೃದಯದವರೆಗೆ ತೆಳು ನಳಿಗೆ ಕಳಿಸಿ, ಕವಾಟದ ಬಾಯಲ್ಲಿ ಬಲೂನ್ ಹಿಗ್ಗಿಸಿ, ಅಂಟಿದ ಅಂಚುಗಳನ್ನು ಬಿಡಿಸುತ್ತಾರೆ. 1984ರಲ್ಲಿ ಜಪಾನಿನ ಕಾಂಜಿ ಇನೋಯೆ ಮತ್ತು ಜೊತೆಗಾರರು ಇದನ್ನು ಮೊದಲು ವರದಿ ಮಾಡಿದರು. ಮನೆಗೆ ಹೊರಡುವ ದಿನ ಅಕ್ಕ ನನ್ನನ್ನು ಕರೆಸಿ ಮತ್ತೊಂದು ಸಲ ಕೇಳಿಸಿಕೊಳ್ಳಲು ಹೇಳಿದರು. ಗುಡುಗುಡು ತುಂಬ ಸಣ್ಣದಾಗಿತ್ತು.

ಈಗ ಅಜ್ಜನ ವಿಷಯಕ್ಕೆ ಬರಬೇಕು. ಇಲ್ಲಿಯವರೆಗೆ ಮುಂದೂಡಿದ್ದು ಬೇಕೆಂದೇ.

ನೀರಿನ ರಿಪೋರ್ಟ್ ಬಂದ ದಿನ ನಾನು ಕೇಸ್ ಶೀಟ್ ತೆರೆದು ನೋಡಿದ್ದೆ. ಕ್ಯಾನ್ಸರ್ ಕಣಗಳು ಇವೆ ಅಂತ ಬರೆದಿತ್ತು. ಬೆಳಗಿನ ರೌಂಡ್ಸಿನಲ್ಲಿ ಅಜ್ಜನ ಮಂಚದ ಪಕ್ಕವೇ ನಿಂತು ಎಲ್ಲರೂ ಇಂಗ್ಲಿಷಿನಲ್ಲಿ ಮಾತಾಡಿದರು. ಅಜ್ಜ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದರು. ಮಧ್ಯಾಹ್ನ ನಾನು ಒಬ್ಬಳೇ ಸಿಕ್ಕಾಗ ಕೇಳಿದರು.

"ಮಗಳೇ, ಆ ನೀರಲ್ಲಿ ಏನಿತ್ತಂತೆ?"

"ಏನೂ ಇಲ್ಲ ಅಜ್ಜ. ಎಲ್ಲ ಸರಿಹೋಗುತ್ತೆ."

ಬಾಯಿಂದ ಬಂದುಬಿಟ್ಟಿತು. ಅವರು "ಹೂಂ" ಅಂದರು, ಮೊದಲ ದಿನದ ಹಾಗೆ. ಆಮೇಲೆ ಬಲ ಮಗ್ಗುಲಾದರು. ಆ "ಹೂಂ" ಅನ್ನು ನಂಬಿದವರ "ಹೂಂ" ಅಂತ ನನಗೆ ಅನ್ನಿಸಲಿಲ್ಲ. ಅವರು ಮೂರು ವಾರ ನನಗೆ ನಿಜವನ್ನೇ ಹೇಳಿದ್ದರು. ಎಲ್ಲಿ ನೋವು, ಎಷ್ಟು ನೋವು, ಯಾವ ಕಡೆ ಉಸಿರು ಸಾಲದು, ಎಲ್ಲ. ನಾನು ಅವರಿಗೆ ಹೇಳಿದ ಮೊದಲ ಮುಖ್ಯವಾದ ಮಾತು ಸುಳ್ಳಾಯಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಬೆಳಗ್ಗೆ ಮೇಡಂ ಹತ್ತಿರ ಹೋಗಿ ನಡೆದದ್ದನ್ನು ಹೇಳಿದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. "ಕೂತ್ಕೊಳ್ಳಿ" ಅಂದರು. ನಿಜ ಹೇಳುವುದು ಸ್ಟೂಡೆಂಟ್ ಆದ ನಿಮ್ಮ ಕೆಲಸ ಅಲ್ಲ, ಸುಳ್ಳು ಹೇಳುವುದೂ ನಿಮ್ಮ ಕೆಲಸ ಅಲ್ಲ ಅಂದರು. "ನನಗೆ ಗೊತ್ತಿರೋದನ್ನ ಹೇಳೋ ಅಧಿಕಾರ ನನಗಿಲ್ಲ ಅಜ್ಜ, ಹೇಳೋರನ್ನ ಕರ್ಕೊಂಡು ಬರ್ತೀನಿ ಅನ್ನಬಹುದಿತ್ತು. ಅನ್ನೋದಷ್ಟೇ ಅಲ್ಲ, ಕರ್ಕೊಂಡು ಬರಲೂಬೇಕು." ರೌಂಡ್ಸಿನಲ್ಲಿ ಅವರ ತಲೆಯ ಮೇಲೆ ಇಂಗ್ಲಿಷಿನಲ್ಲಿ ಮಾತಾಡಿದ್ದು ನಮ್ಮೆಲ್ಲರ ತಪ್ಪು ಅಂತ ಕೂಡ ಹೇಳಿದರು. ಹಿರಿಯರೊಬ್ಬರು ಹಾಗೆ ಒಪ್ಪಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಂಜೆ ಮೇಡಂ, ಅಜ್ಜನ ಮಗಳು, ಅಜ್ಜ, ನಾನು ವಾರ್ಡಿನ ಪಕ್ಕದ ಸಣ್ಣ ಕೋಣೆಯಲ್ಲಿ ಕೂತೆವು. ಮೇಡಂ ಫೋನ್ ಆಫ್ ಮಾಡಿ ಮೇಜಿನ ಡ್ರಾಯರಿನಲ್ಲಿ ಇಟ್ಟರು. ಮೊದಲು ತಾವು ಏನೂ ಹೇಳಲಿಲ್ಲ. "ನಿಮಗೆ ಏನಾಗಿದೆ ಅನ್ಸುತ್ತೆ ಅಜ್ಜ?" ಅಂತ ಕೇಳಿದರು. ಕೆಟ್ಟ ಸುದ್ದಿ ಹೇಳುವುದಕ್ಕೂ ಒಂದು ಕ್ರಮ ಇದೆ. 2000ದಲ್ಲಿ ವಾಲ್ಟರ್ ಬೇಲ್, ರಾಬರ್ಟ್ ಬಕ್‌ಮನ್ ಅನ್ನುವ ವೈದ್ಯರು ಮತ್ತು ಇತರರು ಆರು ಹಂತಗಳಲ್ಲಿ ಬರೆದಿಟ್ಟಿದ್ದಾರೆ. ಹೇಳುವ ಮೊದಲು ಕೇಳು ಅನ್ನುವುದು ಅದರ ತಿರುಳು. ಎಷ್ಟು ಗೊತ್ತಿದೆ, ಎಷ್ಟು ತಿಳಿಯಲು ಇಷ್ಟ ಇದೆ ಅಂತ ಕೇಳಬೇಕು.

ಅಜ್ಜ ತುಂಬ ಹೊತ್ತು ಮೇಜು ನೋಡುತ್ತಾ ಕೂತರು. ಆಮೇಲೆ "ನೀರು ಕೆಂಪಗಿತ್ತು. ನಾನೂ ನೋಡಿದೆನಲ್ಲ" ಅಂದರು. "ದೊಡ್ಡ ಕಾಯಿಲೆನೇ ಇರಬೇಕು. ಹೇಳಿ ತಾಯಿ, ನನಗೇ ಹೇಳಿ." ಮೇಡಂ ಹೇಳಿದರು. ಕ್ಯಾನ್ಸರ್ ಅನ್ನುವ ಪದವನ್ನೇ ಬಳಸಿದರು. ಆ ಪದ ಆದ ಮೇಲೆ ಸುಮ್ಮನಾದರು. ಮಗಳು ಅತ್ತರು. ಅಜ್ಜ ಅಳಲಿಲ್ಲ. ಮಗಳ ಕೈ ಹಿಡಿದುಕೊಂಡು, ನೀರು ಮತ್ತೆ ತುಂಬುತ್ತಾ, ಉಸಿರಿಗೆ ಏನು ಮಾಡುತ್ತೀರಿ, ಮನೆಗೆ ಯಾವಾಗ ಹೋಗಬಹುದು ಅಂತ ಕೇಳಿದರು. ಮೂರಕ್ಕೂ ಮೇಡಂ ನಿಧಾನವಾಗಿ ಉತ್ತರ ಕೊಟ್ಟರು. ತುಂಬಬಹುದು ಅಂದರು. ತುಂಬಿದರೆ ಮತ್ತೆ ತೆಗೆಯಬಹುದು, ಅದು ನಿಲ್ಲುವ ಹಾಗೆ ಮಾಡುವ ಉಪಾಯಗಳೂ ಇವೆ ಅಂದರು.

ವಾಪಸ್ ಬರುವಾಗ ವೀಲ್‌ಚೇರ್ ನಾನು ತಳ್ಳಿದೆ. ಮಂಚದ ಹತ್ತಿರ ಬಂದ ಮೇಲೆ ಅವರ ಎದುರು ಸ್ಟೂಲ್ ಹಾಕಿಕೊಂಡು ಕೂತೆ. "ಅಜ್ಜ, ನಿನ್ನೆ ನಾನು ನಿಮಗೆ ಸುಳ್ಳು ಹೇಳಿದೆ. ತಪ್ಪಾಯ್ತು" ಅಂದೆ. ಗಂಟಲು ಕಟ್ಟಿತ್ತು.

"ಗೊತ್ತಿತ್ತು ಬಿಡು" ಅಂದರು. "ನಿನ್ನ ಮುಖದಲ್ಲೇ ಇತ್ತು."

ಎರಡು ದಿನದ ನಂತರ ಅವರನ್ನು ಕ್ಯಾನ್ಸರ್ ವಿಭಾಗಕ್ಕೆ ಕಳಿಸುವುದಿತ್ತು. ಹಿಂದಿನ ಸಂಜೆ ಎರಡನೇ ಸಲ ನೀರು ತೆಗೆದಿದ್ದರು. ನಾನು ಹೇಳಿ ಬರೋಣ ಅಂತ ಹೋದಾಗ ಅಜ್ಜ ಬೆನ್ನ ಮೇಲೆ ನೇರ ಮಲಗಿದ್ದರು. ಅವರನ್ನು ಹಾಗೆ ನೋಡಿದ್ದು ಅದೇ ಮೊದಲು.

"ಒಂದ್ಸಲ ಬಡಿದು ನೋಡು" ಅಂದರು. "ಎಲ್ಲಿವರೆಗೆ ಇಳಿದಿದೆ ಹೇಳು."

ಎಬ್ಬಿಸಿ ಕೂರಿಸಿದೆ. ತೋಳು ಮುಂದೆ ಕಟ್ಟಿಕೊಳ್ಳುವುದು ಅವರಿಗೆ ಈಗ ಹೇಳದೆಯೇ ಗೊತ್ತಿತ್ತು. ಮೇಲಿನಿಂದ ಬಂದೆ. ಟೊಳ್ಳು, ಟೊಳ್ಳು, ಹೆಗಲ ಮೂಳೆಯ ತುದಿ ದಾಟಿದರೂ ಟೊಳ್ಳು. ಅದರ ಕೆಳಗೆ ಮೂರು ಬೆರಳಿನಷ್ಟು ದೂರದಲ್ಲಿ ಸದ್ದು ನಿಂತಿತು. ಎರಡು ಸಲ ನೋಡಿದೆ.

"ಇಲ್ಲಿವರೆಗೆ ಇಳಿದಿದೆ ಅಜ್ಜ. ಇದರ ಕೆಳಗೆ ಇನ್ನೂ ಇದೆ."

ಅವರು ಕೈ ಹಿಂದಕ್ಕೆ ತಂದು ಬೆನ್ನಿನ ಮೇಲೆ ತಡಕಾಡಿದರು. ನಾನು ಅವರ ಬೆರಳು ಹಿಡಿದು ಆ ಗೆರೆಯ ಮೇಲೆ ಇಟ್ಟೆ. ಸ್ವಲ್ಪ ಹೊತ್ತು ಅಲ್ಲೇ ಇಟ್ಟುಕೊಂಡಿದ್ದರು.